ಜೋಡಿ ಸಿಕ್ಕವನ ಕೈ

ಹೋದ ಚಳಿಗಾಲದ ಒಂದು ಭಾನುವಾರ ಮಾಲೂರಿನಲ್ಲಿ ಹುಡುಗರ ಬಾಕ್ಸಿಂಗ್ ನೋಡಲು ಹೋಗಿದ್ದೆ. ಮದುವೆಗೆ ಬಾಡಿಗೆ ಕೊಡುವ ಛತ್ರ. ಊಟದ ಮೇಜುಗಳನ್ನು ಗೋಡೆಗೆ ಒರಗಿಸಿ, ನಡುವೆ ರಿಂಗ್ ಕಟ್ಟಿ, ಸುತ್ತ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕೆಂಪು ಮೂಲೆಯಲ್ಲಿ ಮುಳಬಾಗಿಲು ಕಡೆಯ ಹುಡುಗ, ನೀಲಿ ಮೂಲೆಯಲ್ಲಿ ಶ್ರೀನಿವಾಸಪುರದವನು. ಇಬ್ಬರದೂ 54 ಕೆ.ಜಿ. ವಿಭಾಗ. ಇಬ್ಬರಿಗೂ ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ. ಗಂಟೆ ಹೊಡೆಯುವ ಮೊದಲೇ ಕುರ್ಚಿಗಳಿಂದ ಕೂಗು ಶುರುವಾಗಿತ್ತು. ನಮ್ಮ ಕೋಲಾರ ಜಿಲ್ಲೆಯ ಕೂಗೆಂದರೆ ಅರ್ಧ ಕನ್ನಡ, ಅರ್ಧ ತೆಲುಗು. ‘ಬಿಡಬೇಡ ಕಣೋ, ಹಾಕು!’ ಅಂತ ಒಬ್ಬ, ‘ಕೊಟ್ರಾ ವಾಣ್ಣಿ!’ ಅಂತ ಇನ್ನೊಬ್ಬ.

ರೆಫರಿ ಇಬ್ಬರನ್ನೂ ನಡುವಿಗೆ ಕರೆದು ಎರಡು ಮಾತು ಹೇಳಿದರು. ಹುಡುಗರು ಗ್ಲೌಸ್ ತೊಟ್ಟ ಕೈಗಳನ್ನು ಚಾಚಿ ಒಬ್ಬರದಕ್ಕೊಬ್ಬರು ಮುಟ್ಟಿಸಿದರು. ನನ್ನ ಪಕ್ಕ ಕೂತಿದ್ದ ಹಿರಿಯರು, ಮುಳಬಾಗಿಲು ಹುಡುಗನ ತಾತ, ಅದನ್ನು ನೋಡಿ ಮೆಲ್ಲಗೆ ತಲೆಯಾಡಿಸಿದರು. ಅವರ ಎಡಗಿವಿ ಮುದುಡಿ ಗಂಟುಗಟ್ಟಿತ್ತು. ವರ್ಷಗಟ್ಟಲೆ ಕುಸ್ತಿಯಲ್ಲಿ ಉಜ್ಜಿಸಿಕೊಂಡ ಕಿವಿ ಹಾಗಾಗುತ್ತದೆ.

‘ಯಜಮಾನರೇ, ನೀವೂ ಗರಡಿಗೆ ಹೋದವರಾ?’ ಎಂದೆ.

‘ಹೋಗ್ತಿದ್ವಿ ಸಾರ್. ನಮ್ಮದೂ ಹಿಂಗೇ. ಮಣ್ಣು ಮುಟ್ಟಿ ಹಣೆಗೆ ಇಟ್ಕೊಂಡು, ಜೋಡಿ ಕೈಗೆ ಕೈ ಸೇರಿಸಿ, ಆಮೇಲೇ ಹಿಡೀತಿದ್ವಿ. ಹಂಗೆ ಮಾಡದೆ ಮೇಲೆ ಬಿದ್ರೆ ಅದು ಬೀದಿ ಜಗಳ ಸಾರ್. ಉಸ್ತಾದ್ರು ಗರಡಿಯಿಂದ ಆಚೆ ಹಾಕೋರು.’

‘ಜೋಡಿ’ ಎಂಬ ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಪತ್ರಿಕೆಯವರಾದ ನಾವು ಎದುರಾಳಿ ಎನ್ನುತ್ತೇವೆ, ಪ್ರತಿಸ್ಪರ್ಧಿ ಎನ್ನುತ್ತೇವೆ, ತಲೆಬರಹಕ್ಕೆ ಬಿಸಿ ಬೇಕಾದಾಗ ವೈರಿ ಅಂತಲೂ ಬರೆದುಬಿಡುತ್ತೇವೆ. ಗರಡಿಯವರ ಬಾಯಲ್ಲಿ ಅವನು ಜೋಡಿ. ಎತ್ತಿನ ಜೋಡಿ, ಚಪ್ಪಲಿ ಜೋಡಿ ಅಂದಹಾಗೆ ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದ್ದು. ಮೈಸೂರು ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವ’ ಕಾರ್ಯಕ್ರಮ ಅಂತಲೇ ಒಂದಿದೆ. ನಾಡಕುಸ್ತಿಯ ಪೈಲ್ವಾನರು ಬಂದು ನಿಲ್ಲುತ್ತಾರೆ, ಹಿರಿಯರು ಅವರ ಮೈಕಟ್ಟು, ತೂಕ, ಅನುಭವ ನೋಡಿ ಯಾರಿಗೆ ಯಾರು ಸರಿ ಎಂದು ಹೊಂದಿಸುತ್ತಾರೆ. ಜೋಡಿ ಸರಿಬಿದ್ದರೆ ಕುಸ್ತಿ ನೋಡಲು ಚೆನ್ನ, ಆಡುವವನಿಗೂ ಮರ್ಯಾದೆ. ತನಗಿಂತ ಇಪ್ಪತ್ತು ಕಿಲೋ ಹಗುರಾದವನನ್ನು ಚಿತ್ ಮಾಡಿದವನಿಗೆ ಊರಲ್ಲಿ ಯಾರೂ ಹಾರ ಹಾಕುವುದಿಲ್ಲ.

ಬಾಕ್ಸಿಂಗ್‌ನಲ್ಲಿ ಪಂದ್ಯದ ದಿನ ಬೆಳಿಗ್ಗೆ ತೂಕ ಹಾಕುವುದರ ಒಳಗಿನ ವಿಚಾರವೂ ಇದೇ. ತಕ್ಕಡಿ ಮೇಲೆ ನಿಂತ ಹುಡುಗನ ಚಡ್ಡಿಯ ಭಾರವನ್ನೂ ಲೆಕ್ಕ ಹಾಕುವುದು ಕಚೇರಿಯ ಶಿಸ್ತಿನಂತೆ ಕಾಣಬಹುದು. ನನಗದು ಮೊದಲ ಮರ್ಯಾದೆಯಾಗಿ ಕಾಣುತ್ತದೆ. ನಿನ್ನ ಮೈಮೇಲೆ ಬೀಳುವ ಏಟು ನಿನ್ನಷ್ಟೇ ಭಾರದವನಿಂದ ಬೀಳುತ್ತದೆ ಎಂದು ಹುಡುಗನಿಗೆ ಕೊಡುವ ಮಾತು ಅದು.

ಇಬ್ಬರ ನಡುವಿನ ಮರ್ಯಾದೆಯನ್ನು ಅದರ ಅತ್ಯಂತ ಗಡುಸು ರೂಪದಲ್ಲಿ ನೋಡಬೇಕೆಂದರೆ ವಿಜಯದಶಮಿಯ ದಿನ ಮೈಸೂರು ಅರಮನೆಗೆ ಹೋಗಬೇಕು. ಅಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ನಮ್ಮ ನಾಡಿನ ಮುಷ್ಟಿಯುದ್ಧ. ಜಟ್ಟಿ ಸಮುದಾಯದ ಮಲ್ಲರು ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಬರುತ್ತಾರೆ. ತಲೆ ಬೋಳಿಸಿ, ಬಲಗೈ ಬೆರಳುಗಳಿಗೆ ಕೊಂಬಿನಿಂದಲೋ ದಂತದಿಂದಲೋ ಮಾಡಿದ ಮೊನಚು ವಜ್ರಮುಷ್ಟಿ ತೊಟ್ಟು ಅಖಾಡಕ್ಕೆ ಇಳಿಯುತ್ತಾರೆ. ಹೆಸರು ಕೇಳಿದರೆ ಜೀವ ಝಲ್ಲೆನ್ನುತ್ತದೆ. ಆದರೆ ಕಾಳಗ ಸಾಮಾನ್ಯವಾಗಿ ಒಂದೆರಡು ನಿಮಿಷವೂ ನಡೆಯುವುದಿಲ್ಲ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿತೋ, ಸುತ್ತ ನಿಂತ ಉಸ್ತಾದರು ನುಗ್ಗಿ ಇಬ್ಬರನ್ನೂ ಬಿಡಿಸುತ್ತಾರೆ. ಅಲ್ಲಿಗೆ ಮುಗಿಯಿತು. ಎರಡನೆಯ ಹನಿಗೆ ಅವಕಾಶವಿಲ್ಲ. ಕೈಯಲ್ಲಿ ಅಂಥ ಆಯುಧ ಕೊಟ್ಟವರೇ ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಅಷ್ಟು ನಿಖರವಾಗಿ ಗೊತ್ತುಮಾಡಿಟ್ಟಿದ್ದಾರೆ. ಎಷ್ಟು ಹೊಡೆಯಬಹುದು ಎಂಬುದಕ್ಕಿಂತ ಎಲ್ಲಿ ಕೈ ಬಿಡಬೇಕು ಎಂಬುದರಲ್ಲೇ ಮಲ್ಲರ ಘನತೆ ಇದೆ ಎಂದು ನಾನು ನಂಬಿದ್ದೇನೆ.

ಮಾಲೂರಿನ ಪಂದ್ಯದ ಎರಡನೆಯ ಸುತ್ತಿನಲ್ಲಿ ಅದನ್ನೇ ಕಣ್ಣಾರೆ ಕಂಡೆ. ಶ್ರೀನಿವಾಸಪುರದ ಹುಡುಗ ಹಿಂದೆ ಸರಿಯುವಾಗ ಕಾಲು ಜಾರಿ ಒಂದು ಮಂಡಿ ಊರಿದ. ಮುಖ ಪೂರ್ತಿ ತೆರೆದಿತ್ತು. ಮುಳಬಾಗಿಲಿನವನ ಬಲಗೈ ಆಗಲೇ ಭುಜದಿಂದ ಹೊರಟಿತ್ತು. ‘ಹಾಕು, ಹಾಕು!’ ಅಂತ ಛತ್ರವೇ ಎದ್ದು ನಿಂತಿತು. ಹೊರಟ ಕೈಯನ್ನು ಅವನು ಅರ್ಧ ದಾರಿಯಲ್ಲಿ ತಡೆದ. ತಡೆದ ರಭಸಕ್ಕೆ ಅವನೇ ಒಂದು ಹೆಜ್ಜೆ ತಪ್ಪಿ ಪಕ್ಕಕ್ಕೆ ವಾಲಿ, ಆಮೇಲೆ ಸಾವರಿಸಿಕೊಂಡು ಬಿಳಿ ಮೂಲೆಗೆ ಹೋಗಿ ನಿಂತ. ಅವನ ತಾತ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಯಾವಾಗ ಹಿಡಿದರೋ ನನಗೆ ತಿಳಿದಿರಲಿಲ್ಲ, ಬಹುಶಃ ಅವರಿಗೂ ತಿಳಿದಿರಲಿಲ್ಲ.

ಬಿದ್ದವನನ್ನು ಹೊಡೆಯಬಾರದು ಎಂಬುದು ಇಂದು ಎಲ್ಲರಿಗೂ ಗೊತ್ತಿರುವ ನಿಯಮ. ಅದನ್ನು ಬಾಕ್ಸಿಂಗ್‌ನಲ್ಲಿ ಮೊದಲು ಬರೆದಿಟ್ಟವನು ಇಂಗ್ಲೆಂಡಿನ ಜ್ಯಾಕ್ ಬ್ರೌಟನ್, 1743ರಲ್ಲಿ. ಅದಕ್ಕೆ ಎರಡು ವರ್ಷ ಹಿಂದೆ ಅವನೊಡನೆ ಬರಿಗೈಯಲ್ಲಿ ಹೊಡೆದಾಡಿದ ಜಾರ್ಜ್ ಸ್ಟೀವನ್‌ಸನ್ ಆ ಪೆಟ್ಟಿನಿಂದ ಸತ್ತ. ಆ ಸಾವು ಬ್ರೌಟನ್‌ನನ್ನು ಕಾಡಿತು ಎಂದು ಬಾಕ್ಸಿಂಗ್‌ನ ಚರಿತ್ರೆ ಹೇಳುತ್ತದೆ. ಬಿದ್ದವನ ಮೇಲೆ ಕೈ ಮಾಡಬಾರದು, ಸೊಂಟದ ಕೆಳಗೆ ಹಿಡಿಯಬಾರದು ಎಂಬ ಕಟ್ಟಲೆಗಳು ಆ ಹೊತ್ತಿನವು. ಅಭ್ಯಾಸಕ್ಕೆ ಬರುವ ಶಿಷ್ಯರ ಮುಖ ಕೆಡದಿರಲೆಂದು ಕೈಗೆ ಮೆತ್ತೆ ಕಟ್ಟುವುದನ್ನು ಬಳಕೆಗೆ ತಂದವನೂ ಅವನೇ. 1867ರಲ್ಲಿ ಕ್ವೀನ್ಸ್‌ಬೆರಿ ನಿಯಮಗಳು ಬಂದು ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿಶ್ರಾಂತಿ, ಹತ್ತರವರೆಗಿನ ಎಣಿಕೆ, ಕಡ್ಡಾಯ ಗ್ಲೌಸ್ ಎಲ್ಲ ನೆಲೆನಿಂತವು.

ಜೋಡಿ ಬಿದ್ದಾಗ ನಿಂತವನು ದೂರದ ಮೂಲೆಗೆ ಹೋಗಬೇಕೆಂಬ ನಿಯಮವನ್ನು ಮರೆತದ್ದಕ್ಕೆ ಜ್ಯಾಕ್ ಡೆಂಪ್ಸಿ ದೊಡ್ಡ ಬೆಲೆ ತೆತ್ತರು. 1927ರ ಸೆಪ್ಟೆಂಬರ್‌ನಲ್ಲಿ ಶಿಕಾಗೊದಲ್ಲಿ ಜೀನ್ ಟನ್ನಿಯನ್ನು ನೆಲಕ್ಕೆ ಬೀಳಿಸಿ ತಲೆಯ ಮೇಲೇ ನಿಂತುಬಿಟ್ಟರು. ಅವರು ಮೂಲೆಗೆ ಹೋಗುವ ತನಕ ರೆಫರಿ ಎಣಿಕೆ ಶುರುಮಾಡಲಿಲ್ಲ. ಸಿಕ್ಕ ಆ ಕೆಲವು ಸೆಕೆಂಡುಗಳಲ್ಲಿ ಟನ್ನಿ ಚೇತರಿಸಿಕೊಂಡು ಎದ್ದರು, ಪಂದ್ಯ ಗೆದ್ದರು. ಮುಂದೆ ಇಬ್ಬರೂ ಸ್ನೇಹಿತರಾಗಿ ಬಾಳಿದರು.

ಇದನ್ನೆಲ್ಲ ಇಂಗ್ಲೆಂಡ್, ಅಮೆರಿಕಗಳಿಂದ ಬಂದ ಸಭ್ಯತೆ ಎಂದುಕೊಂಡರೆ ನಮ್ಮ ಹಳ್ಳಿಗಳ ರಂಗಸ್ಥಳವನ್ನು ಮರೆತಂತೆ. ಕೋಲಾರದ ಕಡೆ ಬೇಸಿಗೆಯಲ್ಲಿ ಎಲ್ಲೋ ಒಂದು ಊರಲ್ಲಿ ‘ಕುರುಕ್ಷೇತ್ರ’ ನಾಟಕ ಇದ್ದೇ ಇರುತ್ತದೆ. ಬೆಳಗಿನ ಜಾವ ಗದಾಯುದ್ಧದ ಹೊತ್ತಿಗೆ ನಿದ್ದೆ ಹೋಗಿದ್ದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ಗದೆಯ ಕಾಳಗದಲ್ಲಿ ಹೊಕ್ಕುಳಿಂದ ಕೆಳಗೆ ಹೊಡೆಯಕೂಡದು ಎಂಬುದು ಆ ಮಕ್ಕಳಿಗೂ ಗೊತ್ತು. ಆದರೂ ಭೀಮ ತೊಡೆಗೆ ಹೊಡೆಯುತ್ತಾನೆ. ಅಲ್ಲಿಯವರೆಗೆ ಭೀಮನ ಕಡೆ ಇದ್ದ ಜನ ಆ ಕ್ಷಣಕ್ಕೆ ತಣ್ಣಗಾಗುವುದನ್ನು ನಾನು ಎಷ್ಟೋ ಸಲ ಗಮನಿಸಿದ್ದೇನೆ. ಬಲರಾಮ ನೇಗಿಲು ಎತ್ತಿಕೊಂಡು ಸಿಡಿದೇಳುವುದು ಭಾರತದ ಕಥೆಯಲ್ಲೇ ಇದೆ. ಸಾವಿರ ವರ್ಷದ ಹಿಂದೆ ‘ಗದಾಯುದ್ಧ’ ಬರೆದ ರನ್ನ ತನ್ನ ದೊರೆಯನ್ನು ಭೀಮನಿಗೆ ಹೋಲಿಸಿಯೂ ಓದುಗನ ಕಣ್ಣೀರನ್ನು ದುರ್ಯೋಧನನಿಗೆ ಮೀಸಲಿಟ್ಟ. ದ್ರೌಪದಿಗೆ ಆದದ್ದು ಘೋರ ಅನ್ಯಾಯ, ಭೀಮನಿಗೆ ಅವನದೇ ಪ್ರತಿಜ್ಞೆಯಿತ್ತು. ಅಷ್ಟಾದರೂ ಸೊಂಟದ ಕೆಳಗಿನ ಏಟು ನಮ್ಮ ಜನಕ್ಕೆ ಇನ್ನೂ ಚುಚ್ಚುತ್ತದೆ.

ಬಾಕ್ಸಿಂಗ್‌ನಲ್ಲಿ ಸೊಂಟದ ಕೆಳಗಿನ ಏಟು ಕೈಯಿಂದಲೇ ಬೀಳಬೇಕೆಂದೇನೂ ಇಲ್ಲ. ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಮೂರು ಸಲ ಸೆಣಸಿದರು. 1971ರ ಮಾರ್ಚ್‌ನಲ್ಲಿ ಫ್ರೇಜಿಯರ್ ಗೆದ್ದರು, 1974ರಲ್ಲಿ ಅಲಿ. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ನಡೆದ ಮೂರನೆಯದು ಇಬ್ಬರನ್ನೂ ಸಾವಿನ ಹತ್ತಿರ ಕೊಂಡೊಯ್ಯಿತು. ಹದಿನಾಲ್ಕು ಸುತ್ತು ಮುಗಿದಾಗ ಫ್ರೇಜಿಯರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಅವರು ಇನ್ನೂ ಆಡುತ್ತೇನೆ ಎಂದರೂ ತರಬೇತುದಾರ ಎಡ್ಡಿ ಫುಚ್ ಬಿಡಲಿಲ್ಲ. ಗೆಲ್ಲುವ ಅವಕಾಶ ಇನ್ನೂ ಮೂರು ನಿಮಿಷ ದೂರದಲ್ಲಿದ್ದಾಗ ತನ್ನ ಹುಡುಗನನ್ನು ಸ್ಟೂಲಿನ ಮೇಲೇ ಕೂರಿಸಿದ ಮನುಷ್ಯ ಅವರು. ಬಾಕ್ಸಿಂಗ್ ಕಂಡ ಅತ್ಯಂತ ಧೈರ್ಯದ ಕೆಲಸಗಳಲ್ಲಿ ಅದನ್ನೂ ನಾನು ಸೇರಿಸುತ್ತೇನೆ.

ಆ ರಾತ್ರಿಯ ಗಾಯಗಳು ವಾಸಿಯಾದವು. ವಾಸಿಯಾಗದೆ ಉಳಿದದ್ದು ಪಂದ್ಯಕ್ಕೆ ಮುಂಚೆ ಆಡಿದ ಮಾತು. ಫ್ರೇಜಿಯರ್‌ರನ್ನು ಅಲಿ ಊರೂರಲ್ಲಿ ಗೊರಿಲ್ಲಾ ಎಂದು ಕರೆದಿದ್ದರು, ಪತ್ರಕರ್ತರ ಮುಂದೆ ರಬ್ಬರಿನ ಗೊರಿಲ್ಲಾ ಗೊಂಬೆಗೆ ಗುದ್ದಿ ತೋರಿಸಿದ್ದರು. ಅಲಿ ಆಟದಿಂದ ಬಹಿಷ್ಕೃತರಾಗಿದ್ದ ದಿನಗಳಲ್ಲಿ ಅವರ ಪರವಾಗಿ ನಿಂತವರಲ್ಲಿ ಫ್ರೇಜಿಯರ್ ಒಬ್ಬರು. ಆ ಅವಮಾನವನ್ನು ಅವರು ದಶಕಗಟ್ಟಲೆ ಎದೆಯಲ್ಲಿಟ್ಟುಕೊಂಡು ಬದುಕಿದರು. 2001ರಲ್ಲಿ ಅಲಿ ಪತ್ರಿಕೆಯ ಮೂಲಕ ಕ್ಷಮೆ ಕೇಳಿದರು, ಇಪ್ಪತ್ತೈದು ವರ್ಷ ತಡವಾಗಿ. ಅಲಿಯನ್ನು ಬಹಳ ಪ್ರೀತಿಸುವವನು ನಾನು. ಆದರೂ ಈ ಒಂದು ವಿಷಯದಲ್ಲಿ ನನ್ನ ಮನಸ್ಸು ಫ್ರೇಜಿಯರ್ ಕಡೆಗೇ ಹೋಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವರು ಸುಮ್ಮನೆ ಹೇಳಿಲ್ಲ.

ನಮ್ಮ ದೇಶದಲ್ಲೂ ಇಂಥದೊಂದು ಗಳಿಗೆ ಬಂತು. 2019ರ ಡಿಸೆಂಬರ್ 28, ದೆಹಲಿ. ಒಲಿಂಪಿಕ್ ಅರ್ಹತಾ ಪಂದ್ಯಕ್ಕೆ 51 ಕೆ.ಜಿ. ವಿಭಾಗದಲ್ಲಿ ಯಾರನ್ನು ಕಳಿಸಬೇಕೆಂಬ ಆಯ್ಕೆ. ಒಂದು ಕಡೆ ಆರು ಸಲ ವಿಶ್ವ ಚಾಂಪಿಯನ್ ಆದ ಮೇರಿ ಕೋಮ್, ಇನ್ನೊಂದು ಕಡೆ ನಿಜಾಮಾಬಾದಿನ 23ರ ಹುಡುಗಿ ನಿಖತ್ ಜರೀನ್. ಆಯ್ಕೆಗೆ ಪಂದ್ಯ ನಡೆಯಲೇಬೇಕೆಂದು ನಿಖತ್ ಕ್ರೀಡಾ ಸಚಿವರಿಗೇ ಪತ್ರ ಬರೆದಿದ್ದರು. ಅದು ಮೇರಿಗೆ ನೋವು ತಂದಿತ್ತು. ಪಂದ್ಯವನ್ನು ಮೇರಿ 9-1ರಿಂದ ಗೆದ್ದರು. ಮುಗಿದ ಮೇಲೆ ಕೈ ಕುಲುಕಲಿಲ್ಲ.

ಅವತ್ತು ದೇಶ ಎರಡು ಪಾಲಾಯಿತು. ನನ್ನ ಅಭಿಪ್ರಾಯ ಅಂದೂ ಇದೇ, ಇಂದೂ ಇದೇ. ಮೇರಿಯವರ ನೋವು ನಿಜ. ಮಣಿಪುರದ ಹಳ್ಳಿಯಿಂದ ಬಂದು, ನಾಲ್ಕು ಮಕ್ಕಳ ತಾಯಾಗಿ, ಈ ದೇಶದ ಹೆಣ್ಣುಮಕ್ಕಳಿಗೆ ಬಾಕ್ಸಿಂಗ್ ಎಂಬ ಬಾಗಿಲನ್ನು ತೆರೆದವರು ತಮ್ಮ ಸ್ಥಾನಕ್ಕಾಗಿ ಮತ್ತೆ ಪರೀಕ್ಷೆಗೆ ನಿಲ್ಲಬೇಕಾಯಿತು. ಆದರೆ ನಿಖತ್ ಕೇಳಿದ್ದು ಪಂದ್ಯವನ್ನು. ರಿಂಗಿಗೆ ಇಳಿದು ನಿನ್ನೊಡನೆ ಸೆಣಸಬೇಕು ಎನ್ನುವವಳು ನಿನ್ನನ್ನು ಅವಮಾನಿಸುತ್ತಿಲ್ಲ, ಜೋಡಿ ಕೇಳುತ್ತಿದ್ದಾಳೆ. ಅದನ್ನು ಕೊಟ್ಟಮೇಲೆ ಕೈಯನ್ನೂ ಕೊಡಬೇಕಿತ್ತು.

ಈ ಕಥೆಯನ್ನು ಅಲ್ಲಿಗೇ ನಿಲ್ಲಿಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾ ಎದುರು ಮೇರಿ 3-2ರಲ್ಲಿ ಸೋತರು. ಅದಕ್ಕೆ ಮುಂಚೆ ವೆಲೆನ್ಸಿಯಾರನ್ನು ಅವರು ಎರಡು ಸಲ ಸೋಲಿಸಿದ್ದರು. ತೀರ್ಪು ಬಂದಾಗ ಕಣ್ಣಲ್ಲಿ ನೀರಿತ್ತು, ಆದರೂ ನಗುತ್ತ ವೆಲೆನ್ಸಿಯಾರನ್ನು ಅಪ್ಪಿಕೊಂಡರು. ದೆಹಲಿಯಲ್ಲಿ ಕೈ ಚಾಚದಿದ್ದ ಅದೇ ಮೇರಿ. ಇತ್ತ ನಿಖತ್ 2022ರ ಮೇ 19ರಂದು ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಊರಿಗೆ ಬಂದು ಕೆಲವೇ ದಿನಗಳಲ್ಲಿ ಮೇರಿಯವರ ಜೊತೆ ನಿಂತು ತೆಗೆಸಿಕೊಂಡ ಫೋಟೊ ಹಂಚಿಕೊಂಡು, ತಾನು ಆರಾಧಿಸುವವರ ಆಶೀರ್ವಾದ ಬೇಡಿದರು. ಆ ಫೋಟೊದಲ್ಲಿ ಇಬ್ಬರೂ ನಗುತ್ತಿದ್ದಾರೆ. ಎರಡೂವರೆ ವರ್ಷ ತಡವಾಗಿ ಸೇರಿದ ಕೈಗಳು ಅಂತ ನಾನದನ್ನು ನೋಡುತ್ತೇನೆ.

ತೀರ್ಪುಗಾರರೇ ತಪ್ಪಿದಾಗ ಏನು ಮಾಡಬೇಕು? ಇದು ಕಷ್ಟದ ಪ್ರಶ್ನೆ. 2014ರಲ್ಲಿ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ಸರಿತಾ ದೇವಿ ಸೋತರು ಎಂದು ತೀರ್ಪು ಬಂದಾಗ ನೋಡಿದವರಿಗೆಲ್ಲ ಹೊಟ್ಟೆ ಉರಿದಿತ್ತು. ಪದಕ ಕೊಡುವಾಗ ಅವರು ಅಳುತ್ತ ತಮ್ಮ ಕಂಚನ್ನು ತಮ್ಮೊಡನೆ ಆಡಿದ್ದ ಕೊರಿಯಾದ ಪಾರ್ಕ್ ಜಿನಾಗೆ ಕೊಟ್ಟುಬಿಟ್ಟರು. ಅದಕ್ಕಾಗಿ ಒಂದು ವರ್ಷ ನಿಷೇಧ ಅನುಭವಿಸಿದರು. ಅವರ ಕಣ್ಣೀರನ್ನು ನೋಡಿ ನಾನೂ ಅತ್ತವನು. ಆದರೆ ತೀರ್ಪು ಕೊಟ್ಟವಳು ಪಾರ್ಕ್ ಅಲ್ಲವಲ್ಲ. ಎರಡು ಪದಕ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತ ಆ ಹುಡುಗಿಯ ಮುಖವೂ ನನಗೆ ನೆನಪಿದೆ.

ಅದೇ ಕೊರಿಯಾದಲ್ಲಿ, 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ, ಅಮೆರಿಕದ ರಾಯ್ ಜೋನ್ಸ್‌ಗೆ ಆದ ಅನ್ಯಾಯ ಇನ್ನೂ ದೊಡ್ಡದು. 86 ಏಟು ಹಾಕಿದ್ದ ಜೋನ್ಸ್ ಸೋತರು, 32 ಏಟು ಹಾಕಿದ್ದ ಪಾರ್ಕ್ ಸಿಹುನ್ ಗೆದ್ದರು. ಆ ಚಿನ್ನ ಪಾರ್ಕ್‌ಗೆ ಜೀವನವಿಡೀ ಭಾರವಾಯಿತು. 2023ರಲ್ಲಿ ಅವರು ಅಮೆರಿಕಕ್ಕೆ ಹೋಗಿ, ಜೋನ್ಸ್ ಊರಿಗೇ ಹೋಗಿ, ಆ ಪದಕವನ್ನು ಅವರ ಕೈಗಿಟ್ಟರು. 35 ವರ್ಷ.

ಇನ್ನು ನಮ್ಮ ಜಿಲ್ಲೆಯ ಮಾತು. ಕೆಜಿಎಫ್‌ನಲ್ಲಿ ಚಿನ್ನದ ಗಣಿ ನಡೆಯುತ್ತಿದ್ದ ಕಾಲಕ್ಕೆ ಫುಟ್‌ಬಾಲ್, ಹಾಕಿಗಳ ಜೊತೆ ಬಾಕ್ಸಿಂಗ್ ಹುಚ್ಚೂ ಇತ್ತು. ಮೂರು ಕಿಲೋಮೀಟರ್ ಆಳಕ್ಕೆ ಇಳಿದು ಒಟ್ಟಿಗೆ ದುಡಿಯುವವರ ಊರು ಅದು. ತಲೆಯ ಮೇಲಿನ ಬಂಡೆ ಯಾವಾಗ ಸಿಡಿಯುತ್ತದೋ ಗೊತ್ತಿಲ್ಲದ ಜಾಗದಲ್ಲಿ ಪಕ್ಕದವನ ಜೀವದ ಬೆಲೆ ಗೊತ್ತಿರುತ್ತದೆ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಅದನ್ನು ನೆಚ್ಚಿಕೊಂಡಿದ್ದ ಎಷ್ಟೋ ಆಟಗಳೂ ಸೊರಗಿದವು. ಈಗ ಕೋಲಾರದ ವಿಶ್ವೇಶ್ವರಯ್ಯ ಕ್ರೀಡಾಂಗಣದ ಸುತ್ತ ಬೆಳಿಗ್ಗೆ ಓಡುವ ಹುಡುಗ ಹುಡುಗಿಯರಲ್ಲಿ ಒಂದಿಬ್ಬರ ಹೆಗಲ ಚೀಲದಿಂದ ಗ್ಲೌಸ್ ಇಣುಕುವುದನ್ನು ಕಂಡರೆ ನನಗೆ ಸಂತೋಷವಾಗುತ್ತದೆ. ಆ ಸಂತೋಷದ ಜೊತೆಗೇ ಒಂದು ಆತಂಕವೂ ಇದೆ.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಯುವಕನೊಬ್ಬ ಏಟು ತಿಂದು ಕುಸಿದುಬಿದ್ದ, ಮತ್ತೆ ಏಳಲಿಲ್ಲ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ಅವನನ್ನು ಹೊಡೆದ ಹುಡುಗನ ಬಗ್ಗೆಯೂ ನಾನು ಯೋಚಿಸುತ್ತೇನೆ. ಆಟ ಆಡಲು ಬಂದವನು ಅವನೂ. ಜೋಡಿಯಾಗಿ ಸಿಕ್ಕವನು ತನ್ನ ಕೈಯಿಂದ ಸತ್ತ ಎಂಬ ಭಾರವನ್ನು ಆ ವಯಸ್ಸಿನಲ್ಲಿ ಹೊರುವುದು ಹೇಗೆ? ಪಂದ್ಯ ಏರ್ಪಡಿಸುವವರು ರಿಂಗಿನ ಪಕ್ಕ ಒಬ್ಬ ವೈದ್ಯರನ್ನು ಕೂರಿಸಿ, ಬಾಗಿಲ ಬಳಿ ಆಂಬುಲೆನ್ಸ್ ನಿಲ್ಲಿಸಿದರೆ ಅವರು ಇಬ್ಬರು ಹುಡುಗರನ್ನೂ ಕಾಯುತ್ತಾರೆ, ಬೀಳುವವನನ್ನೂ ಬೀಳಿಸುವವನನ್ನೂ. ಮಾಲೂರಿನ ಆ ಛತ್ರದಲ್ಲಿ ವೈದ್ಯರಿದ್ದರು. ಪ್ರತಿ ಪಂದ್ಯದ ನಡುವೆ ಹುಡುಗರ ಕಣ್ಣಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದರು. ನಮ್ಮ ಆರೂ ತಾಲ್ಲೂಕುಗಳಲ್ಲಿ ಎಲ್ಲಿ ಪಂದ್ಯ ಇಟ್ಟರೂ ಅವರಂಥವರೊಬ್ಬರು ಬರುವ ತನಕ ಗಂಟೆ ಹೊಡೆಯಬಾರದು. ಕುರ್ಚಿಯಲ್ಲಿ ಕೂತ ನಾವೂ ‘ಹಾಕು’ ಅನ್ನುವ ಮೊದಲು ಯಾರ ಮಗನಿಗೆ ಅನ್ನುತ್ತಿದ್ದೇವೆ ಎಂದು ಒಂದು ಸಲ ನೋಡಬೇಕು.

ಅವತ್ತು ಮುಳಬಾಗಿಲಿನ ಹುಡುಗನೇ ಗೆದ್ದ. ರೆಫರಿ ಕೈ ಎತ್ತಿಸಿದ ಮೇಲೆ ಅವನು ನೀಲಿ ಮೂಲೆಗೆ ಹೋಗಿ, ಸೋತವನ ತರಬೇತುದಾರರಿಗೆ ತಲೆಬಾಗಿ ಕೈ ಮುಟ್ಟಿಸಿ ಬಂದ. ಸೋತ ಹುಡುಗನೂ ಕೆಂಪು ಮೂಲೆಗೆ ಹೋಗಿ ಹಾಗೇ ಮಾಡಿದ. ಅಷ್ಟರಲ್ಲಿ ಮುಂದಿನ ಪಂದ್ಯಕ್ಕೆ ಗಡಿಬಿಡಿ ಶುರುವಾಗಿ ಇಬ್ಬರ ಕಡೆಯವರೂ ಚದುರಿಹೋದರು. ಗ್ಲೌಸ್ ತೊಟ್ಟ ಕೈಯಿಂದ ಗ್ಲೌಸ್ ಬಿಚ್ಚಿಕೊಳ್ಳಲು ಆಗುವುದಿಲ್ಲ. ಶ್ರೀನಿವಾಸಪುರದವನು ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ. ಆಗಲೇ ಕೈ ಬಿಚ್ಚಿಸಿಕೊಂಡಿದ್ದ ಮುಳಬಾಗಿಲಿನವನು ಬಂದು ಅವನ ಎದುರು ಕುಕ್ಕರುಗಾಲಲ್ಲಿ ಕೂತು, ಒಂದು ಗ್ಲೌಸ್ ಎಳೆದು, ಇನ್ನೊಂದನ್ನೂ ಎಳೆದು, ಬೆವರಿಗೆ ಅಂಟಿದ್ದ ಬ್ಯಾಂಡೇಜನ್ನು ಸುತ್ತುಸುತ್ತಾಗಿ ಬಿಡಿಸಿದ.

ಸಂಜೆ ಕೋಲಾರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಲ್ಲಿ ಇಬ್ಬರೂ ಒಟ್ಟಿಗೆ ಕೂತಿದ್ದರು. ತಾತ ಕಿಟಕಿಗೆ ತಲೆಕೊಟ್ಟು ನಿದ್ದೆ ಮಾಡುತ್ತಿದ್ದರು. ಕೋಲಾರ ಬಸ್ ನಿಲ್ದಾಣದಲ್ಲಿ ಒಬ್ಬ ಮುಳಬಾಗಿಲು ಬಸ್ಸಿಗೆ, ಇನ್ನೊಬ್ಬ ಶ್ರೀನಿವಾಸಪುರದ ಬಸ್ಸಿಗೆ ಹೋಗಬೇಕು.

‘ಮುಂದಿನ ಸಲ ಎಷ್ಟು ಕೆ.ಜಿ.ಲಿ ಆಡ್ತೀಯ ಗುರು?’ ಎಂದ ಸೋತವನು, ಇಳಿಯುವಾಗ.

‘ಐವತ್ನಾಲ್ಕಲ್ಲೇ ಇರ್ತೀನಿ.’

‘ನಾನೂ ಅಷ್ಟರಲ್ಲೇ ಇರ್ತೀನಿ ಹಂಗಾದ್ರೆ,’ ಎಂದು ಚೀಲ ಹೆಗಲಿಗೇರಿಸಿಕೊಂಡು ತನ್ನ ಬಸ್ಸಿನ ಕಡೆ ಓಡಿದ.